ಅಂಗಾಂಶಮಾಪನ

ಅಂಗಾಂಶಗಳ ಸೂಕ್ಷ್ಮರಚನೆಯನ್ನು ಮಾತಿನಲ್ಲಿ ವರ್ಣಿಸಿ ಬಿಡದೆ, ಘನಗಾತ್ರ, ಮೇಲ್ಮೈ ವಿಸ್ತಾರ, ದಪ್ಪ, ಉದ್ದ ಹಾಗೂ ಕೋಶಗಳ ಸಂಖ್ಯೆ ಎಂಬ ಪರಿಮಾಣಗಳಲ್ಲಿ ಅಳೆದು, ಆರೋಗ್ಯಕ್ಕೂ ರೋಗಕ್ಕೂ ಇರುವ ಅಂತರವನ್ನು ಆ ಪರಿಮಾಣಗಳ ಮೂಲಕ ಗುರುತಿಸುವ ವಿಜ್ಞಾನಶಾಖೆ ಅಂಗಾಂಶಮಾಪನ. ಒಂದು ಬಗೆಯ ಕೆಲಸಕ್ಕೆ ಒಗ್ಗೂಡಿದ ಜೀವಕೋಶಗಳ ಮತ್ತು ಅವುಗಳ ನಡುವಣ ಪದಾರ್ಥದ ಸಮೂಹವೇ ಅಂಗಾಂಶ. ಅದರ ತೆಳುವಾದ ಛೇದವನ್ನು ಗಾಜಿನ ಫಲಕದ ಮೇಲಿಟ್ಟು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುವ ಪದ್ಧತಿ ಹತ್ತೊಂಬತ್ತನೆಯ ಶತಮಾನದಿಂದಲೂ ರೋಗನಿದಾನದ ತಳಹದಿಯಾಗಿದೆ. ಆದರೆ ಆ ನೋಟದ ವರದಿಯಲ್ಲಿ ಬರುವ ‘ಅಲ್ಪ’, ‘ಮಧ್ಯಮ’, ‘ತೀವ್ರ’ ಎಂಬ ವಿಶೇಷಣಗಳು ನೋಡುವವರ ಅನುಭವವನ್ನೇ ನೆಚ್ಚಿಕೊಂಡಿರುವುದರಿಂದ, ಒಂದೇ ಫಲಕವನ್ನು ನೋಡಿದ ಇಬ್ಬರು ತಜ್ಞರ ತೀರ್ಮಾನಗಳು, ಕೆಲವೊಮ್ಮೆ ಒಬ್ಬರೇ ತಜ್ಞರು ಬೇರೆ ಬೇರೆ ದಿನ ಕೊಟ್ಟ ತೀರ್ಮಾನಗಳು ಕೂಡ, ಒಂದಕ್ಕೊಂದು ಹೊಂದದೆ ಹೋಗುತ್ತವೆ. ಅಳತೆಯಿಂದ ಈ ತೊಡಕು ಕಡಿಮೆಯಾಗುತ್ತದೆಯಾದರೂ ಪೂರ್ತಿ ತೊಲಗುವುದಿಲ್ಲ. ಅಂಗಾಂಶಕ್ಕೆ ಮೂರು ಆಯಾಮಗಳಿದ್ದು ಛೇದಕ್ಕೆ ಎರಡೇ ಇರುವುದರಿಂದ, ಫಲಕದ ಮೇಲೆ ಎಣಿಸಿದ್ದು ಅಂಗದೊಳಗೆ ನಿಜವಾಗಿ ಇರುವುದಕ್ಕೆ ಸಮವೆಂದು ಹೇಳಲು ಗಣಿತದ ಆಧಾರ ಬೇಕಾಗುತ್ತದೆ. ಆ ಆಧಾರವನ್ನು ಒದಗಿಸುವ ಗಣಿತಭಾಗಕ್ಕೆ ಸ್ಟೀರಿಯಾಲಜಿ ಎಂದೂ, ಅಂಗಾಂಶದ ಮೇಲೆ ಅದನ್ನು ಪ್ರಯೋಗಿಸುವುದಕ್ಕೆ ಹಿಸ್ಟೋಮಾರ್ಫೋಮೆಟ್ರಿ ಎಂದೂ ಹೆಸರು.

ಕರ್ನಾಟಕದಲ್ಲಿ ಈ ಶಾಸ್ತ್ರದ ಅಗತ್ಯವನ್ನು ಚೆನ್ನಾಗಿ ತೋರಿಸಿಕೊಡುವ ರೋಗ ಫ್ಲೋರೋಸಿಸ್, ಅಂದರೆ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದಾಗ ಮೂಳೆ ಹಲ್ಲುಗಳಿಗೆ ತಗಲುವ ಬೇನೆ. ಉದಾಹರಣೆಗೆ ಹಾಸನ ಜಿಲ್ಲೆಯ ಪಶ್ಚಿಮಕ್ಕೆ ಮಲೆನಾಡಿನ ಅಂಚಿನಲ್ಲಿ ಕಾಫಿ ಬೆಳೆಯುವ ಬೇಲೂರು ತಾಲ್ಲೂಕು, ಅದರಲ್ಲೇ ಸೇರಿದ ಹಳೇಬೀಡು, ಪೂರ್ವಕ್ಕೆ ತೆಂಗು ಮತ್ತು ರಾಗಿಯ ಬಯಲುಸೀಮೆಯಾದ ಅರಸೀಕೆರೆ ಇವೆ. ನಡುವಿನ ದೂರ ಹೆಚ್ಚಿಲ್ಲದಿದ್ದರೂ ಮಳೆ ಪಶ್ಚಿಮದಿಂದ ಪೂರ್ವಕ್ಕೆ ಬೇಗ ಇಳಿಯುತ್ತದೆ. ಅಂತರ್ಜಲದ ಗುಣವೂ ಅದರ ಜೊತೆಗೇ ಬದಲಾಗುತ್ತದೆ. ಅರಸೀಕೆರೆ ತಾಲ್ಲೂಕು ರಾಜ್ಯದ ಫ್ಲೋರೈಡ್ ಪೀಡಿತ ತಾಲ್ಲೂಕುಗಳಲ್ಲಿ ಒಂದು. ಈ ರೋಗದಲ್ಲಿ ಮೂಳೆಯ ಪ್ರಮಾಣ ಹೆಚ್ಚಿದ್ದೂ ಮೂಳೆ ದುರ್ಬಲವಾಗಿರುವುದರಿಂದ, ಮೇಲುನೋಟದ ಒಂದೇ ಸಂಖ್ಯೆಯನ್ನು ನಂಬಿದರೆ ರೋಗ ಆರೋಗ್ಯದ ಹಾಗೆ ಕಾಣಿಸಿಕೊಳ್ಳುತ್ತದೆ.

ಕಲ್ಲಿನಿಂದ ಅಂಗಾಂಶಕ್ಕೆ

ಅಂಗಾಂಶಮಾಪನದ ಮೂಲಸೂತ್ರ ಹುಟ್ಟಿದ್ದು ವೈದ್ಯಶಾಸ್ತ್ರದಲ್ಲಲ್ಲ, ಭೂವಿಜ್ಞಾನದಲ್ಲಿ. ಫ್ರಾನ್ಸಿನ ಭೂವಿಜ್ಞಾನಿ ಅಶಿಲ್ ಡೆಲೆಸ್ 1847ರಲ್ಲಿ, ಕಲ್ಲಿನ ನಯಗೊಳಿಸಿದ ಮುಖದಲ್ಲಿ ಒಂದು ಖನಿಜ ಆಕ್ರಮಿಸಿದ ಕ್ಷೇತ್ರದ ಪಾಲು ಇಡೀ ಕಲ್ಲಿನಲ್ಲಿ ಆ ಖನಿಜದ ಘನಗಾತ್ರದ ಪಾಲಿಗೆ ಸಮವಾಗಿರುತ್ತದೆಂದು ತೋರಿಸಿದ. ಆತ ಅನುಸರಿಸಿದ ಕ್ರಮ ಕೈಕೆಲಸದ್ದು: ಕಲ್ಲಿನ ಮುಖದ ಮೇಲೆ ಎಣ್ಣೆ ಕಾಗದ ಇಟ್ಟು ಖನಿಜಗಳ ಅಂಚನ್ನು ಗೆರೆಯೆಳೆದುಕೊಂಡು, ಆ ಕಾಗದವನ್ನು ತವರದ ತಗಡಿಗೆ ಅಂಟಿಸಿ, ಒಂದೊಂದು ಖನಿಜದ ತುಣುಕುಗಳನ್ನು ಬೇರೆ ಬೇರೆಯಾಗಿ ಕತ್ತರಿಸಿ ತೂಗುವುದು, ತೂಕದ ಅನುಪಾತವೇ ಖನಿಜಗಳ ಅನುಪಾತ. ಬೇಲೂರಿನಲ್ಲಿ 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯಕ್ಕೂ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯಕ್ಕೂ ಬಳಸಿದ ಬಳಪದ ಕಲ್ಲು, ಅಂದರೆ ಕ್ಲೋರೈಟ್ ಶಿಸ್ಟ್, ಉಳಿಯ ಬಾಯಿಗೆ ಅಷ್ಟು ಸುಲಭವಾಗಿ ಒಗ್ಗಿದ್ದು ಏಕೆಂದು ಇಂದಿನ ಭೂವಿಜ್ಞಾನಿ ವಿವರಿಸಬೇಕಾದರೆ, ಅದರ ತೆಳುಛೇದದಲ್ಲಿ ಮೃದು ಖನಿಜಗಳ ಪಾಲನ್ನು ಲೆಕ್ಕ ಹಾಕುವುದೂ ಇದೇ ತತ್ತ್ವದ ಮೇಲೆ. ಕಲ್ಲಿನಲ್ಲಿ ಕ್ಲೋರೈಟ್ ಎಷ್ಟು ಎಂಬ ಪ್ರಶ್ನೆಗೂ ಮೂಳೆಯ ತುಣುಕಿನಲ್ಲಿ ಖನಿಜ ಎಷ್ಟು ಎಂಬ ಪ್ರಶ್ನೆಗೂ ಗಣಿತದ ದೃಷ್ಟಿಯಲ್ಲಿ ವ್ಯತ್ಯಾಸವಿಲ್ಲ.

ತಗಡು ಕತ್ತರಿಸುವ ಶ್ರಮವನ್ನು ಮುಂದಿನವರು ಹಂತಹಂತವಾಗಿ ಇಳಿಸಿದರು. 1898ರಲ್ಲಿ ರೋಸಿವಾಲ್ ಕ್ಷೇತ್ರದ ಬದಲು ಗೆರೆಗಳನ್ನು ಅಳೆದರೆ ಸಾಕೆಂದೂ, 1933ರಲ್ಲಿ ರಷ್ಯಾದ ಗ್ಲಾಗೊಲೆವ್ ಬಿಂದುಗಳನ್ನು ಎಣಿಸಿದರೆ ಸಾಕೆಂದೂ ತೋರಿಸಿದರು. 1943ರಲ್ಲಿ ಅಮೆರಿಕದ ಚಾಕ್ಲಿ ಬಿಂದು ಎಣಿಕೆಯನ್ನು ಜೀವಕೋಶಗಳ ಅಧ್ಯಯನಕ್ಕೆ ತಂದ. ಭೂವಿಜ್ಞಾನಿಗಳು, ಲೋಹಶಾಸ್ತ್ರಜ್ಞರು, ಜೀವವಿಜ್ಞಾನಿಗಳು ತಮ್ಮ ತಮ್ಮ ಕ್ಷೇತ್ರಗಳಲ್ಲಿ ಒಂದೇ ಸಮಸ್ಯೆಯನ್ನು ಬಿಡಿಸುತ್ತಿದ್ದಾರೆಂಬುದು 1961ರಲ್ಲಿ ಜರ್ಮನಿಯ ಫೆಲ್ಡ್‌ಬರ್ಗ್‌ನಲ್ಲಿ ಹಾನ್ಸ್ ಎಲಿಯಾಸ್ ಕರೆದ ಸಭೆಯಲ್ಲಿ ಸ್ಪಷ್ಟವಾಗಿ, ಮರುವರ್ಷ ಅಂತರರಾಷ್ಟ್ರೀಯ ಸ್ಟೀರಿಯಾಲಜಿ ಸಂಘ ಸ್ಥಾಪನೆಯಾಯಿತು. 1963ರಲ್ಲಿ ಸ್ವಿಟ್ಜರ್ಲೆಂಡಿನ ಎವಾಲ್ಡ್ ವೈಬೆಲ್ ಮನುಷ್ಯನ ಶ್ವಾಸಕೋಶದ ಮಾಪನವನ್ನು ಕುರಿತು ಪ್ರಕಟಿಸಿದ ಗ್ರಂಥ ಈ ವಿಧಾನಕ್ಕೆ ವೈದ್ಯಶಾಸ್ತ್ರದಲ್ಲಿ ಭದ್ರ ನೆಲೆ ಒದಗಿಸಿತು. ಶ್ವಾಸಕೋಶಗಳಲ್ಲಿ ಸುಮಾರು 30 ಕೋಟಿ ಗಾಳಿಗೂಡುಗಳಿವೆ ಎಂದು ವೈಬೆಲ್ ಕೊಟ್ಟ ಅಂದಾಜನ್ನು 2004ರಲ್ಲಿ ಹೊಸ ವಿಧಾನದಿಂದ ಎಣಿಸಿದ ಓಕ್ಸ್ ಮತ್ತು ಸಂಗಡಿಗರು ಸರಾಸರಿ 48 ಕೋಟಿಗೆ ತಿದ್ದಿದರು.

ಅಳತೆಯ ಕ್ರಮ

ಬಿಂದು ಎಣಿಕೆ ಮೇಲುನೋಟಕ್ಕೆ ಒರಟಾಗಿ ತೋರುವ, ಆದರೆ ಅತ್ಯಂತ ಮಿತವ್ಯಯದ ವಿಧಾನ. ಛೇದದ ಚಿತ್ರದ ಮೇಲೆ ಸಮಾನ ಅಂತರದ ಬಿಂದುಗಳ ಜಾಲರಿಯೊಂದನ್ನು ಎಲ್ಲಿಯಾದರೂ ಬೀಳುವಂತೆ ಇರಿಸಿ, ಎಷ್ಟು ಬಿಂದುಗಳು ಬೇಕಾದ ಅಂಗಾಂಶದ ಮೇಲೆ ಬಿದ್ದಿವೆಯೆಂದು ಎಣಿಸಲಾಗುತ್ತದೆ. ಉದಾಹರಣೆಗೆ ಒಟ್ಟು 500 ಬಿಂದುಗಳಲ್ಲಿ 110 ಮೂಳೆಯ ಮೇಲೆ ಬಿದ್ದರೆ ಮೂಳೆಯ ಘನಗಾತ್ರದ ಪಾಲು ಶೇ. 22, ಬಿಂದುಗಳು ಪರಸ್ಪರ ಸ್ವತಂತ್ರವೆಂದು ಭಾವಿಸಿದರೆ ಈ ಎಣಿಕೆಯ ಪ್ರಮಾಣದೋಷ ಶೇಕಡಾ ಎರಡು ಅಂಶಕ್ಕಿಂತ ತುಸು ಕಡಿಮೆ. ಬಿಂದುಗಳನ್ನು ನಾಲ್ಕು ಪಟ್ಟು ಹೆಚ್ಚಿಸಿದರೂ ದೋಷ ಅರ್ಧಕ್ಕೆ ಮಾತ್ರ ಇಳಿಯುವುದರಿಂದ, ಒಂದೇ ಫಲಕದ ಮೇಲೆ ದಿನಗಟ್ಟಲೆ ಕೂತು ಎಣಿಸುವುದು ಬಹುಮಟ್ಟಿಗೆ ವ್ಯರ್ಥ. ವ್ಯಕ್ತಿಯಿಂದ ವ್ಯಕ್ತಿಗೆ ಇರುವ ವ್ಯತ್ಯಾಸವೇ ಒಟ್ಟು ವ್ಯತ್ಯಾಸದ ದೊಡ್ಡ ಪಾಲಾಗಿರುವುದರಿಂದ, ಪ್ರತಿ ಫಲಕದಲ್ಲಿ ಕಡಿಮೆ ಎಣಿಸಿ ಹೆಚ್ಚು ಜನರನ್ನು ಅಧ್ಯಯನಕ್ಕೆ ಸೇರಿಸಿಕೊಳ್ಳುವುದು ಜಾಣತನವೆಂದು ಡೆನ್ಮಾರ್ಕಿನ ಗುಂಡರ್ಸನ್ ಮತ್ತು ಓಸ್ಟರ್ಬಿ 1981ರಲ್ಲಿ ಲೆಕ್ಕ ಸಮೇತ ತೋರಿಸಿದರು.

ಪಾಲನ್ನು ಅಳೆಯುವುದು ಸುಲಭ, ಸಂಖ್ಯೆಯನ್ನು ಅಳೆಯುವುದು ಕಠಿಣ. ಛೇದವೊಂದು ಅಂಗದ ಮೂಲಕ ಹಾಯುವಾಗ ದೊಡ್ಡ ಕೋಶಗಳನ್ನು ತಾಕುವ ಸಂಭವ ಸಣ್ಣ ಕೋಶಗಳನ್ನು ತಾಕುವುದಕ್ಕಿಂತ ಹೆಚ್ಚಾದ್ದರಿಂದ, ರೋಗದಲ್ಲಿ ಕೋಶಗಳು ಊದಿಕೊಂಡರೆ ಸಾಕು, ಸಂಖ್ಯೆ ಬದಲಾಗದಿದ್ದರೂ ಫಲಕದ ಮೇಲೆ ಅವು ಹೆಚ್ಚಾದಂತೆ ಕಾಣುತ್ತವೆ. ಸ್ವೀಡನ್ನಿನ ವಿಕ್ಸೆಲ್ 1925ರಲ್ಲೇ ಗಣಿತದ ಮೂಲಕ ಹಿಡಿದ ಈ ಸಮಸ್ಯೆಗೆ ಸರಳ ಪರಿಹಾರ ದೊರೆತದ್ದು 1984ರಲ್ಲಿ, ಗುಪ್ತನಾಮದಲ್ಲಿ ಪ್ರಕಟವಾದ ಡೈಸೆಕ್ಟರ್ ಎಂಬ ವಿಧಾನದಿಂದ. ಗೊತ್ತಾದ ಅಂತರದಲ್ಲಿರುವ ಎರಡು ಸಮಾಂತರ ಛೇದಗಳನ್ನು ಜೋಡಿಸಿ ನೋಡಿ, ಒಂದರಲ್ಲಿ ಇದ್ದು ಮತ್ತೊಂದರಲ್ಲಿ ಇಲ್ಲದ ಕೋಶಗಳನ್ನು ಮಾತ್ರ ಎಣಿಸಿದರೆ, ಪ್ರತಿ ಕೋಶಕ್ಕೂ ಒಂದೇ ತುದಿ ಇರುವುದರಿಂದ, ಗಾತ್ರ ಹೇಗಿದ್ದರೂ ಒಂದು ಕೋಶ ಒಂದು ಸಲವೇ ಲೆಕ್ಕಕ್ಕೆ ಬರುತ್ತದೆ.

ಇನ್ನೊಂದು ಬಲೆ ಇದಕ್ಕಿಂತ ಸೂಕ್ಷ್ಮವಾದುದು. ಸಾಂದ್ರತೆಯನ್ನು, ಅಂದರೆ ಒಂದು ಘನ ಮಿಲಿಮೀಟರಿಗೆ ಇಷ್ಟು ಎಂಬುದನ್ನು, ಅಳೆದು ಒಟ್ಟು ಮೊತ್ತದ ಬಗ್ಗೆ ತೀರ್ಮಾನಕ್ಕೆ ಬರುವುದು. ಮಿದುಳು ಕುಗ್ಗುತ್ತಾ ನರಕೋಶಗಳೂ ಕಡಿಮೆಯಾಗುತ್ತಾ ಹೋದರೆ ಸಾಂದ್ರತೆ ಇದ್ದ ಹಾಗೇ ಉಳಿಯಬಹುದು. ಅಂಗಾಂಶವನ್ನು ಫಾರ್ಮಲಿನ್‌ನಲ್ಲಿಟ್ಟು, ಮದ್ಯಸಾರದಲ್ಲಿ ನೀರು ತೆಗೆದು, ಮೇಣದಲ್ಲಿ ಕೂರಿಸುವಾಗ ಆಗುವ ಕುಗ್ಗುವಿಕೆಯೂ ಇದಕ್ಕೆ ಸೇರಿಕೊಂಡರೆ, ಪ್ರಯೋಗಾಲಯದ ಕ್ರಮವೇ ರೋಗಲಕ್ಷಣದ ವೇಷ ತೊಡುತ್ತದೆ. ಆದ್ದರಿಂದ ಅಂಗದ ಒಟ್ಟು ಘನಗಾತ್ರವನ್ನು ಬೇರೆಯಾಗಿ ಅಳೆದಿಲ್ಲದ ಅಧ್ಯಯನದಲ್ಲಿ ಸಾಂದ್ರತೆಯ ಏರಿಳಿತವನ್ನು ಅನುಮಾನದಿಂದಲೇ ನೋಡಬೇಕಾಗುತ್ತದೆ.

ಮೂಳೆಯ ಮಾಪನ

ಮೂಳೆ ಸದಾ ಒಡೆದು ಕಟ್ಟಲ್ಪಡುತ್ತಿರುವ ಅಂಗಾಂಶವಾದ್ದರಿಂದ ಅಂಗಾಂಶಮಾಪನ ಅತ್ಯಂತ ಫಲವತ್ತಾಗಿ ಬೆಳೆದದ್ದು ಇಲ್ಲೇ. ಆಸ್ಟಿಯೋಕ್ಲಾಸ್ಟ್ ಎಂಬ ಕೋಶಗಳು ಹಳೆಯ ಮೂಳೆಯನ್ನು ಕರಗಿಸಿ ಹಳ್ಳ ಮಾಡುತ್ತವೆ. ಅವುಗಳ ಹಿಂದೆ ಬರುವ ಆಸ್ಟಿಯೋಬ್ಲಾಸ್ಟ್‌ಗಳು ಆ ಹಳ್ಳದಲ್ಲಿ ಮೊದಲು ಆಸ್ಟಿಯಾಯ್ಡ್ ಎಂಬ ಮೆತ್ತನೆಯ ಪ್ರೋಟೀನು ಪದರ ಹಾಸುತ್ತವೆ. ಕೆಲವು ದಿನಗಳ ತರುವಾಯ ಅದರಲ್ಲಿ ಕ್ಯಾಲ್ಸಿಯಂ ಮತ್ತು ಫಾಸ್ಫೇಟಿನ ಹರಳುಗಳು ಕೂತು ಅದು ಗಟ್ಟಿ ಮೂಳೆಯಾಗುತ್ತದೆ. ಎಕ್ಸ್‌ರೇಯಲ್ಲೂ ಸಾಂದ್ರತೆಯ ಪರೀಕ್ಷೆಯಲ್ಲೂ ಕಾಣುವುದು ಈ ವ್ಯವಹಾರದ ಕೊನೆಯ ಶಿಲ್ಕು ಮಾತ್ರ. ಜಮಾ ಎಷ್ಟು, ಖರ್ಚು ಎಷ್ಟು, ಎಲ್ಲಿ ತಡೆಯಾಗಿದೆ ಎಂಬುದನ್ನು ತಿಳಿಯಲು ಅಂಗಾಂಶವನ್ನೇ ನೋಡಬೇಕು.

ಸೊಂಟದ ಮೂಳೆಯ ಮುಂಭಾಗದಿಂದ, ಒಳವ್ಯಾಸ ಸುಮಾರು 7.5 ಮಿ.ಮೀ. ಇರುವ ಟೊಳ್ಳು ಸೂಜಿಯ ಮೂಲಕ, ಎರಡೂ ಬದಿಯ ಹೊರಕವಚ ಸೇರಿದಂತೆ ಒಂದು ತುಣುಕನ್ನು ತೆಗೆಯಲಾಗುತ್ತದೆ. ಸಾಮಾನ್ಯ ಪೆಥಾಲಜಿಯಲ್ಲಿ ಮೂಳೆಯನ್ನು ಆಮ್ಲದಲ್ಲಿಟ್ಟು ಸುಣ್ಣ ಕರಗಿಸಿ ಮೆತ್ತಗೆ ಮಾಡಿಯೇ ಕತ್ತರಿಸುತ್ತಾರೆ. ಮಾಪನಕ್ಕೆ ಅದು ಸಲ್ಲದು, ಏಕೆಂದರೆ ಸುಣ್ಣ ಹೋದ ಮೇಲೆ ಮೂಳೆ ಯಾವುದು, ಆಸ್ಟಿಯಾಯ್ಡ್ ಯಾವುದು ಎಂದು ಬೇರ್ಪಡಿಸಲು ಬರುವುದಿಲ್ಲ. ಆದ್ದರಿಂದ ತುಣುಕನ್ನು ಮೀಥೈಲ್ ಮೆಥಾಕ್ರಿಲೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಕೂರಿಸಿ, ಭಾರಿ ಮೈಕ್ರೋಟೋಮ್ ಯಂತ್ರದಲ್ಲಿ 5ರಿಂದ 10 ಮೈಕ್ರೊಮೀಟರ್ ದಪ್ಪದ ಛೇದಗಳನ್ನಾಗಿ ಸೀಳುತ್ತಾರೆ. ಗೋಲ್ಡ್‌ನರ್ ವಿಧಾನದಲ್ಲಿ ಬಣ್ಣ ಹಾಕಿದ ಛೇದದಲ್ಲಿ ಸುಣ್ಣ ತುಂಬಿದ ಮೂಳೆ ಹಸಿರಾಗಿಯೂ ಆಸ್ಟಿಯಾಯ್ಡ್ ಅದರ ಅಂಚಿನಲ್ಲಿ ಕೆಂಪು ಪಟ್ಟಿಯಾಗಿಯೂ ಎದ್ದು ಕಾಣುತ್ತವೆ. ಆರೋಗ್ಯವಂತರಲ್ಲಿ ಆ ಪಟ್ಟಿ ತೆಳು. ಅದರ ದಪ್ಪ 12.5 ಮೈಕ್ರೊಮೀಟರನ್ನು ಮೀರಿ, ಸುಣ್ಣ ಕೂರಲು ಹಿಡಿಯುವ ಅವಧಿಯೂ 100 ದಿನಗಳನ್ನು ದಾಟಿದ್ದರೆ ಅದನ್ನು ಆಸ್ಟಿಯೋಮಲೇಶಿಯ, ಅಂದರೆ ಮೂಳೆ ಮೆತ್ತಗಾಗುವ ರೋಗ, ಎಂದು ನಿರ್ಣಯಿಸುವುದು ವಾಡಿಕೆ.

ಕಾಲದ ಲೆಕ್ಕ ಅಂಗಾಂಶದೊಳಗೆ ಬಂದದ್ದು ಟೆಟ್ರಾಸೈಕ್ಲಿನ್ ಎಂಬ ಸಾಮಾನ್ಯ ಪ್ರತಿಜೈವಿಕ ಔಷಧಿಯ ದೆಸೆಯಿಂದ. ಈ ಔಷಧಿ ಹೊಸದಾಗಿ ಸುಣ್ಣ ಕೂರುತ್ತಿರುವ ಜಾಗದಲ್ಲಿ ಅಂಟಿಕೊಂಡು, ಅತಿನೇರಳೆ ಬೆಳಕಿನಲ್ಲಿ ಹಳದಿಯಾಗಿ ಹೊಳೆಯುತ್ತದೆ. ಬಯಾಪ್ಸಿಗೆ ಮೊದಲು ರೋಗಿಗೆ ಇದನ್ನು ಮೂರು ದಿನ ಕೊಟ್ಟು, ಹನ್ನೆರಡು ದಿನ ಬಿಟ್ಟು, ಮತ್ತೆ ಮೂರು ದಿನ ಕೊಟ್ಟರೆ ಮೂಳೆಯಲ್ಲಿ ಎರಡು ಹಳದಿ ಗೆರೆಗಳು ಮೂಡುತ್ತವೆ; ಗೆರೆಗಳ ನಡುವಿನ ಅಂತರವನ್ನು ದಿನಗಳಿಂದ ಭಾಗಿಸಿದರೆ ಮೂಳೆ ಕಟ್ಟುವ ವೇಗ ಸಿಗುತ್ತದೆ, ಅದು ಆರೋಗ್ಯವಂತ ವಯಸ್ಕರಲ್ಲಿ ದಿನಕ್ಕೆ ಸುಮಾರು 0.6 ಮೈಕ್ರೊಮೀಟರ್. ಸುಣ್ಣ ಕೂರುವುದು ತೊಡಕಾಗಿದ್ದರೆ ಗೆರೆಗಳು ಮಸುಕಾಗಿ ಒಂದರೊಳಗೊಂದು ಕಲಸಿಕೊಳ್ಳುತ್ತವೆ, ಇಲ್ಲವೇ ಮೂಡುವುದೇ ಇಲ್ಲ. ಅಮೆರಿಕದ ಹೆರಾಲ್ಡ್ ಫ್ರಾಸ್ಟ್ 1960ರ ದಶಕದಲ್ಲಿ ಕಟ್ಟಿದ ಈ ಪದ್ಧತಿಗೆ 1987ರಲ್ಲಿ ಪಾರ್ಫಿಟ್ ನೇತೃತ್ವದ ಸಮಿತಿ ಏಕರೂಪದ ಪರಿಭಾಷೆಯನ್ನೂ ಮಾನಗಳನ್ನೂ ನಿಗದಿಪಡಿಸಿತು. ಅದಕ್ಕೆ ಮುಂಚೆ ಪ್ರತಿ ಪ್ರಯೋಗಾಲಯವೂ ತನ್ನದೇ ಹೆಸರು, ತನ್ನದೇ ಮಾನ ಬಳಸುತ್ತಿದ್ದುದರಿಂದ ಒಬ್ಬರ ಫಲಿತಾಂಶವನ್ನು ಮತ್ತೊಬ್ಬರದರೊಡನೆ ಹೋಲಿಸುವುದು ಹೆಚ್ಚುಕಡಿಮೆ ಅಸಾಧ್ಯವಾಗಿತ್ತು.

ಅರಸೀಕೆರೆಯ ನೀರು ಮತ್ತು ಫ್ಲೋರೋಸಿಸ್

ಈ ಸೀಮೆಯ ತಳದಲ್ಲಿರುವ ನೈಸ್ ಮತ್ತು ಗ್ರಾನೈಟ್ ಶಿಲೆಗಳಲ್ಲಿ ಕಾಗೆಬಂಗಾರ, ಅಪಟೈಟ್, ಫ್ಲೋರೈಟ್ ಮುಂತಾದ ಫ್ಲೋರಿನ್ ಉಳ್ಳ ಖನಿಜಗಳಿವೆ. ಮಳೆ ಹೆಚ್ಚಿರುವ ಬೇಲೂರಿನ ಕಡೆ ನೀರು ಬೇಗ ಇಂಗಿ ಬೇಗ ಹರಿದುಹೋಗುವುದರಿಂದ ಬಂಡೆಯೊಡನೆ ಅದರ ಒಡನಾಟ ಅಲ್ಪ. ಅರಸೀಕೆರೆಯ ಕಡೆ ಮಳೆ ಕಡಿಮೆ, ಬಾಷ್ಪೀಭವನ ಹೆಚ್ಚು. ಕೆರೆ ಬಾವಿಗಳು ಬತ್ತಿ ಬೋರ್‌ವೆಲ್ ಆಳಕ್ಕಿಳಿದಷ್ಟೂ ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಮೇಲೆ ಬರುತ್ತದೆ. ಅಂಥ ನೀರು ಕ್ಷಾರೀಯವಾಗಿದ್ದು ಕ್ಯಾಲ್ಸಿಯಂ ಕಡಿಮೆ ಇದ್ದರೆ ಫ್ಲೋರೈಡ್ ತಳ ಸೇರದೆ ನೀರಿನಲ್ಲೇ ಕರಗಿ ಉಳಿಯುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ. ಮೀರಬಾರದು, ಬೇರೆ ನೀರಿನ ಮೂಲವೇ ಇಲ್ಲದಲ್ಲಿ 1.5 ಮಿ.ಗ್ರಾಂ.ವರೆಗೆ ಒಪ್ಪಬಹುದು. ಈ ಮಿತಿ ದೇಹ ಸೇರುವ ಒಟ್ಟು ಪ್ರಮಾಣವನ್ನು ಪರೋಕ್ಷವಾಗಿ ಮಾತ್ರ ಸೂಚಿಸುತ್ತದೆ. ಬಿಸಿಲಲ್ಲಿ ಹೊಲಗೆಲಸ ಮಾಡುವವರು ಕುಡಿಯುವ ನೀರೂ, ನೆರಳಲ್ಲಿ ಕೂತು ಕೆಲಸ ಮಾಡುವವರು ಕುಡಿಯುವ ನೀರೂ ಒಂದೇ ಅಳತೆಯದಲ್ಲ.

ದೇಹದಲ್ಲಿ ಉಳಿಯುವ ಫ್ಲೋರೈಡಿನ ಶೇ. 99ರಷ್ಟು ಮೂಳೆ ಹಲ್ಲುಗಳಲ್ಲೇ ಸೇರುತ್ತದೆ. ಮೂಳೆಯ ಹರಳಿನಲ್ಲಿ ಹೈಡ್ರಾಕ್ಸಿಲ್ ಅಯಾನಿನ ಜಾಗವನ್ನು ಫ್ಲೋರೈಡ್ ಅಯಾನು ಹಿಡಿದು, ಸುಲಭವಾಗಿ ಕರಗದ ಫ್ಲೋರಪಟೈಟ್ ಆಗುತ್ತದೆ. ಜೊತೆಗೆ ಫ್ಲೋರೈಡ್ ಆಸ್ಟಿಯೋಬ್ಲಾಸ್ಟ್‌ಗಳನ್ನು ಪ್ರಚೋದಿಸುತ್ತದೆ. ಕಾಲಕ್ರಮದಲ್ಲಿ ಬೆನ್ನುಹುರಿಯ ಸುತ್ತಲ ಕಟ್ಟುಗಳು, ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆ ಕೂಡ ಸುಣ್ಣಗಟ್ಟುತ್ತವೆ, ಬೆನ್ನು ಕತ್ತು ಬಗ್ಗದಾಗುತ್ತವೆ, ಕೆಲವರಲ್ಲಿ ನರಗಳು ಒತ್ತಲ್ಪಟ್ಟು ಕಾಲಿನ ಸ್ವಾಧೀನ ತಪ್ಪುತ್ತದೆ. ಭಾರತದಲ್ಲಿ ಈ ಚಿತ್ರವನ್ನು ಮೊದಲು ವಿವರವಾಗಿ ದಾಖಲಿಸಿದವರು, 1937ರಲ್ಲಿ, ಆಗಿನ ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಕೆಲಸ ಮಾಡಿದ ಶಾರ್ಟ್, ಪಂಡಿತ್ ಮತ್ತು ರಾಘವಾಚಾರಿ.

ಎಕ್ಸ್‌ರೇಯಲ್ಲಿ ಫ್ಲೋರೋಸಿಸ್ ರೋಗಿಗಳ ಬೆನ್ನೆಲುಬು ಬೆಳ್ಳಗೆ ದಟ್ಟವಾಗಿ ಕಾಣುತ್ತದೆ. ಮೂಳೆ ಸವೆತದ ಭಯದಲ್ಲಿರುವ ವೃದ್ಧರಿಗೆ ಇಂಥ ದಟ್ಟತೆ ವರವಲ್ಲವೇ ಎಂಬ ಯೋಚನೆಯಿಂದಲೇ ಸೋಡಿಯಂ ಫ್ಲೋರೈಡನ್ನು ಔಷಧಿಯಾಗಿ ಕೊಟ್ಟು ನೋಡಿದ್ದೂ ಉಂಟು. ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ರಿಗ್ಸ್ ಮತ್ತು ಸಂಗಡಿಗರು ಮುಟ್ಟು ನಿಂತ 202 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ದಿನಕ್ಕೆ 75 ಮಿ.ಗ್ರಾಂ.ನಂತೆ ನಾಲ್ಕು ವರ್ಷ ಸೋಡಿಯಂ ಫ್ಲೋರೈಡ್ ಕೊಟ್ಟು, 1990ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಸೊಂಟದ ಬೆನ್ನೆಲುಬಿನ ಸಾಂದ್ರತೆ ಶೇ. 35ರಷ್ಟು ಏರಿತ್ತು, ಆದರೆ ಬೆನ್ನೆಲುಬಿನ ಮುರಿತಗಳು ಗಣನೀಯವಾಗಿ ಇಳಿದಿರಲಿಲ್ಲ, ಇತರ ಮೂಳೆಗಳ ಮುರಿತಗಳು ಹೆಚ್ಚಿದ್ದವು. ಸಾಂದ್ರತೆಯ ಒಂದೇ ಸಂಖ್ಯೆಯನ್ನು ಗುರಿಯಾಗಿಟ್ಟುಕೊಂಡ ಚಿಕಿತ್ಸೆಗೆ ಇದಕ್ಕಿಂತ ಕಟುವಾದ ಪ್ರತ್ಯುತ್ತರ ವೈದ್ಯಸಾಹಿತ್ಯದಲ್ಲಿ ವಿರಳ.

ಸಾಂದ್ರತೆ ಹೇಳದೆ ಬಿಟ್ಟದ್ದು ಏನೆಂಬುದು ಛೇದಗಳಲ್ಲಿ ಕಾಣುತ್ತದೆ. ಫ್ರಾನ್ಸಿನ ಲಿಯೋನ್‌ನಲ್ಲಿ ಬುವಾವ್ಯಾ, ಮ್ಯೂನಿಯೆ ಮತ್ತು ಸಂಗಡಿಗರು ಫ್ಲೋರೋಸಿಸ್ ಇದ್ದ 29 ಮಂದಿಯ ಮೂಳೆ ತುಣುಕುಗಳನ್ನು ಅಳೆದು, ಅವುಗಳಲ್ಲಿನ ಫ್ಲೋರೈಡ್ ಪ್ರಮಾಣದ ಜೊತೆಗೆ 1989ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಮೂಲಾಧಾರವೆನಿಸಿದೆ. ಇಂಥ ಮೂಳೆಯಲ್ಲಿ ಒಳಗಿನ ಸ್ಪಂಜಿನಂಥ ಜಾಲದ ಘನಗಾತ್ರ ಹೆಚ್ಚುತ್ತದೆ, ಆದರೆ ಆಸ್ಟಿಯಾಯ್ಡಿನ ಪಟ್ಟಿಯೂ ಅಗಲವಾಗಿ ಹೆಚ್ಚು ಮೇಲ್ಮೈಯನ್ನು ಆವರಿಸುತ್ತದೆ, ಸುಣ್ಣ ಕೂರುವ ವೇಗ ಇಳಿಯುತ್ತದೆ, ಹೊರಕವಚದಲ್ಲಿ ರಂಧ್ರಗಳು ಹೆಚ್ಚುತ್ತವೆ, ಮೂಳೆಯೊಳಗೆ ಹುದುಗಿದ ಕೋಶಗಳ ಸುತ್ತ ಸುಣ್ಣ ಸರಿಯಾಗಿ ಕೂರದ ಕಲೆಗಳು ಉಳಿಯುತ್ತವೆ. ಅಂದರೆ ಕಟ್ಟುವ ಕೆಲಸ ಭರದಿಂದ ನಡೆದರೂ ಗಟ್ಟಿಯಾಗುವ ಕೆಲಸ ಅದರ ಹಿಂದೆ ಬಿದ್ದಿರುತ್ತದೆ. ಆಹಾರದಲ್ಲಿ ಕ್ಯಾಲ್ಸಿಯಂ ಕಡಿಮೆ ಇದ್ದವರಲ್ಲಿ ಈ ಅಂತರ ಇನ್ನೂ ದೊಡ್ಡದಾಗಿ, ದಟ್ಟ ಮೂಳೆಯೂ ಮೆತ್ತನೆಯ ಮೂಳೆಯೂ ಒಂದೇ ದೇಹದಲ್ಲಿ ಕಾಣಿಸಿಕೊಳ್ಳುತ್ತವೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕೃಷ್ಣಸ್ವಾಮಿ 1973ರಲ್ಲಿ ಆಂಧ್ರದಿಂದ ವರದಿ ಮಾಡಿದ, ಮಕ್ಕಳ ಮೊಣಕಾಲುಗಳು ಒಳಕ್ಕೆ ಬಾಗುವ ರೂಪವೂ ಫ್ಲೋರೋಸಿಸ್‌ನದೇ. ಕರುಳಿನಲ್ಲಿ ಕ್ಯಾಲ್ಸಿಯಂ ಫ್ಲೋರೈಡಿನೊಡನೆ ಕೂಡಿ ಕರಗದ ಲವಣವಾಗುವುದರಿಂದ ಹೀರಿಕೆ ತಗ್ಗುತ್ತದೆ. 100 ಗ್ರಾಂ.ಗೆ 300 ಮಿ.ಗ್ರಾಂ.ಗಿಂತ ಹೆಚ್ಚು ಕ್ಯಾಲ್ಸಿಯಂ ಇರುವ ರಾಗಿ ಈ ಸೀಮೆಯ ಮುಖ್ಯ ಆಹಾರವಾಗಿರುವುದನ್ನು ಇಲ್ಲಿ ನೆನೆಯಬಹುದು; ಹಾಗೆಂದು ರಾಗಿಯ ಮುದ್ದೆ ನೀರಿನ ಶುದ್ಧೀಕರಣಕ್ಕೆ ಬದಲಿಯಾಗಲಾರದು.

ಹಳ್ಳಿಗಳಲ್ಲಿ ರೋಗವನ್ನು ಪತ್ತೆಹಚ್ಚಲು ಬಯಾಪ್ಸಿ ಮಾಡುವುದಿಲ್ಲ, ಮಾಡಬೇಕಾಗಿಯೂ ಇಲ್ಲ. ನೀರಿನ ಮತ್ತು ಮೂತ್ರದ ಫ್ಲೋರೈಡ್, ಮುಂಗೈಯ ಎಕ್ಸ್‌ರೇ, ಹಲ್ಲುಗಳ ಪರೀಕ್ಷೆ ಇಷ್ಟೇ ಅಲ್ಲಿನ ಸಲಕರಣೆ. ಆದರೆ ಆ ಎಕ್ಸ್‌ರೇಯನ್ನು ಓದುವ ಬಗೆ ಅಂಗಾಂಶಮಾಪನದಿಂದ ತಿದ್ದಿಕೊಂಡದ್ದು. ಮೂಳೆಯನ್ನು ಸುಟ್ಟ ಬೂದಿಯಲ್ಲಿ ಕಿಲೋಗ್ರಾಂಗೆ ಸುಮಾರು 6,000 ಮಿ.ಗ್ರಾಂ. ಫ್ಲೋರೈಡ್ ಸೇರುವ ಹೊತ್ತಿಗೆ ರೋಗ ಎಕ್ಸ್‌ರೇಯಲ್ಲಿ ಸ್ಪಷ್ಟವಾಗುತ್ತದೆಂಬ ತಿಳಿವಳಿಕೆಯೂ ಅಂಗಾಂಶದಿಂದಲೇ ಬಂದದ್ದು. ನೀರಿನ ಕಡೆಯ ಪರಿಹಾರಗಳು, ಅಂದರೆ ಊರೂರಿನ ಶುದ್ಧ ಕುಡಿಯುವ ನೀರಿನ ಘಟಕಗಳು, ನದಿನೀರಿನ ಪೂರೈಕೆ, ಅರಸೀಕೆರೆಯನ್ನೂ ಒಳಗೊಂಡ ಎತ್ತಿನಹೊಳೆ ಯೋಜನೆ ಇವು ಪ್ರತ್ಯೇಕ ಲೇಖನದ ವಿಷಯ.

ಎಲ್ಲ ಮೂಳೆ ಬೇನೆಯನ್ನೂ ನೀರಿನ ತಲೆಗೆ ಕಟ್ಟುವುದು ತಪ್ಪಾಗುತ್ತದೆ. ಮಲೆನಾಡಿನಲ್ಲೇ, ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡಿನ ಹೆಸರಿನಿಂದ 1970ರ ದಶಕದಲ್ಲಿ ಪ್ರಸಿದ್ಧಿಗೆ ಬಂದ ಸಂಧಿರೋಗ ಕುಟುಂಬಗಳಲ್ಲಿ ಆನುವಂಶಿಕವಾಗಿ ಸಾಗಿಬರುವಂಥದು. ಕೀಲುಗಳ ಬೆಳವಣಿಗೆಯ ದೋಷ ಅದರ ಮೂಲ.

ಇತರ ಅಂಗಗಳು

ಮೂತ್ರಪಿಂಡದಲ್ಲಿ ರಕ್ತ ಸೋಸುವ ಘಟಕಗಳಾದ ನೆಫ್ರಾನ್‌ಗಳ ಸಂಖ್ಯೆ ಹುಟ್ಟುವಾಗಲೇ ನಿಗದಿಯಾಗಿರುತ್ತದೆ. ಜರ್ಮನಿಯ ಕೆಲ್ಲರ್ ಮತ್ತು ಸಂಗಡಿಗರು ಅಪಘಾತದಲ್ಲಿ ಮಡಿದವರ ಮೂತ್ರಪಿಂಡಗಳಲ್ಲಿ ಅವನ್ನು ಎಣಿಸಿ 2003ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಅಧಿಕ ರಕ್ತದೊತ್ತಡ ಇದ್ದವರಲ್ಲಿ ಒಂದು ಮೂತ್ರಪಿಂಡಕ್ಕೆ ಸುಮಾರು 7 ಲಕ್ಷ, ಇಲ್ಲದವರಲ್ಲಿ ಸುಮಾರು 14 ಲಕ್ಷ ನೆಫ್ರಾನ್‌ಗಳಿದ್ದವು. ಹುಟ್ಟಿದಾಗಿನ ತೂಕಕ್ಕೂ ದೊಡ್ಡವರಾದ ಮೇಲಿನ ಹೃದ್ರೋಗಕ್ಕೂ ನಂಟಿದೆಯೆಂದು ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಉಳಿದುಬಂದ ಹೆರಿಗೆ ದಾಖಲೆಗಳ ಆಧಾರದಿಂದ 1996ರಲ್ಲಿ ತೋರಿಸಲಾಗಿತ್ತು. ಬಸಿರಿನಲ್ಲಿಯ ಕೊರತೆ ಅಂಗದ ರಚನೆಯಲ್ಲಿ ಹೇಗೆ ಉಳಿದುಬಿಡುತ್ತದೆ ಎಂಬುದಕ್ಕೆ ನೆಫ್ರಾನ್ ಎಣಿಕೆ ಒಂದು ಸಂಭಾವ್ಯ ಉತ್ತರ.

ಮಿದುಳಿನ ಮಟ್ಟಿಗೆ, ವಯಸ್ಸಾದಂತೆ ನರಕೋಶಗಳು ಎಲ್ಲೆಡೆ ಸಾಯುತ್ತವೆಂಬ ಹಳೆಯ ನಂಬಿಕೆಯನ್ನು ಡೈಸೆಕ್ಟರ್ ಎಣಿಕೆ ಅಲುಗಾಡಿಸಿತು. ನೆನಪಿಗೆ ಸಂಬಂಧಿಸಿದ ಹಿಪ್ಪೊಕ್ಯಾಂಪಸ್‌ನ ಸಿಎ1 ಎಂಬ ಭಾಗದಲ್ಲಿ ಅಲ್ಜೈಮರ್ ರೋಗಿಗಳಿಗೆ ಶೇ. 68ರಷ್ಟು ನಷ್ಟವಾಗಿದ್ದು, ಸಹಜ ವೃದ್ಧಾಪ್ಯದಲ್ಲಿ ಅಂಥ ನಷ್ಟ ಇಲ್ಲವೆಂದು ವೆಸ್ಟ್ ಮತ್ತು ಸಂಗಡಿಗರು 1994ರಲ್ಲಿ ತೋರಿಸಿದರು. ಇಂಥ ಅಧ್ಯಯನಗಳಿಗೆ ಬೇಕಾದ, ಕ್ರಮಬದ್ಧವಾಗಿ ಸಂರಕ್ಷಿಸಿದ ಮಿದುಳುಗಳ ಭಂಡಾರ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಎಸ್.ಕೆ. ಶಂಕರ್ ಅವರ ಶ್ರಮದಿಂದ 1995ರಲ್ಲಿ ಆರಂಭವಾಯಿತು.

ಕ್ಯಾನ್ಸರಿನಲ್ಲಿ ವಿಭಜನೆಯಾಗುತ್ತಿರುವ ಕೋಶಗಳ ಎಣಿಕೆ ಗೆಡ್ಡೆಯ ಉಗ್ರತೆಯನ್ನು ನಿರ್ಧರಿಸುವ ಅಂಶಗಳಲ್ಲೊಂದು. ಸೂಕ್ಷ್ಮದರ್ಶಕದ ‘ಹತ್ತು ದೃಷ್ಟಿಕ್ಷೇತ್ರ’ಗಳಲ್ಲಿ ಇಷ್ಟು ಎಂದು ಬರೆಯುವ ರೂಢಿ ಬಹುಕಾಲ ನಡೆದುಬಂತು, ಆದರೆ ದೃಷ್ಟಿಕ್ಷೇತ್ರದ ವ್ಯಾಸ ಒಂದು ಉಪಕರಣದಲ್ಲಿ 0.55 ಮಿ.ಮೀ., ಮತ್ತೊಂದರಲ್ಲಿ 0.63 ಮಿ.ಮೀ. ಇದ್ದರೆ ನೋಡಿದ ವಿಸ್ತಾರದಲ್ಲೇ ಶೇ. 30ರಷ್ಟು ವ್ಯತ್ಯಾಸ ಬಿದ್ದು, ಗೆಡ್ಡೆ ಬದಲಾಗದೆ ದರ್ಜೆ ಬದಲಾಗಬಹುದು. ಎಣಿಕೆಯನ್ನು ಚದರ ಮಿಲಿಮೀಟರಿಗೆ ಇಷ್ಟೆಂದು ಹೇಳುವ ಕ್ರಮ ಈಗ ನೆಲೆಗೊಳ್ಳುತ್ತಿದೆ.

ಸಸ್ಯಗಳ ಅಂಗಾಂಶಕ್ಕೂ ಇದೇ ಲೆಕ್ಕ ಸಲ್ಲುತ್ತದೆ. ಬೇಲೂರು ಸೀಮೆಯ ಅರೇಬಿಕಾ ಕಾಫಿಗೆ ತಗಲುವ ಎಲೆ ತುಕ್ಕು ರೋಗದ ಶಿಲೀಂಧ್ರ ಎಲೆಯ ತಳಬದಿಯ ಪತ್ರರಂಧ್ರಗಳ ಮೂಲಕವೇ ಒಳಹೋಗಿ, ಕೋಶಗಳೊಳಗೆ ಹೀರುಬೆರಳುಗಳನ್ನು ಇಳಿಬಿಟ್ಟು ಆಹಾರ ಸೆಳೆಯುತ್ತದೆ. ಆ ಬೆರಳುಗಳ ಸಂಖ್ಯೆಯನ್ನೂ ಕಲೆ ಹರಡಿದ ಕ್ಷೇತ್ರವನ್ನೂ ಅಳೆದು ತಳಿಯ ನಿರೋಧಶಕ್ತಿಯನ್ನು ಹೋಲಿಸಬಹುದು. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಸ್ಥಾಪನೆಯಾದ ಕಾಫಿ ಸಂಶೋಧನಾ ಕೇಂದ್ರದ ತಳಿ ಆಯ್ಕೆಯಲ್ಲಿ ತುಕ್ಕಿನ ನಿರೋಧವೇ ಬಹುಕಾಲ ಮುಖ್ಯ ಗುರಿ. ಅರಸೀಕೆರೆಯ ತೆಂಗಿಗೆ ಬರುವ ಅಣಬೆ ರೋಗದಲ್ಲಿ ಗರಿ ಜೋತುಬೀಳುವ ವೇಳೆಗೆ ಬೇರು ಮತ್ತು ಬುಡದ ಅಂಗಾಂಶ ಬಹಳಷ್ಟು ಕೊಳೆತಿರುವುದರಿಂದ, ಹೊರಲಕ್ಷಣದ ಎಣಿಕೆ ನಷ್ಟವನ್ನು ಯಾವಾಗಲೂ ಕಡಿಮೆ ಅಂದಾಜಿಸುತ್ತದೆ.

ಯಂತ್ರದ ಕಣ್ಣು ಮತ್ತು ಹಲ್ಲಿನ ಸಾಕ್ಷ್ಯ

ಇಡೀ ಫಲಕವನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಅಳೆಯುವುದು ಈಗ ಸಾಮಾನ್ಯ. 1997ರಿಂದ ಲಭ್ಯವಿರುವ ಇಮೇಜ್‌ಜೆ, 2017ರಲ್ಲಿ ಪ್ರಕಟವಾದ ಕ್ಯೂಪಾತ್ ಎಂಬ ತಂತ್ರಾಂಶಗಳು ಉಚಿತವಾಗಿ ದೊರೆಯುವುದರಿಂದ ಜಿಲ್ಲಾ ಮಟ್ಟದ ವೈದ್ಯಕೀಯ ಕಾಲೇಜುಗಳಿಗೂ ಈ ಕೆಲಸ ಎಟುಕದಂಥದಲ್ಲ. ಆದರೆ ಯಂತ್ರ ಎಷ್ಟೇ ವೇಗವಾಗಿ ಎಣಿಸಿದರೂ ತಪ್ಪು ಮಾದರಿಯಿಂದ ಸರಿ ಉತ್ತರ ಬರುವುದಿಲ್ಲ. ಒಂದು ಪ್ರಯೋಗಾಲಯದ ಬಣ್ಣಕ್ಕೂ ಸ್ಕ್ಯಾನರಿಗೂ ಪಳಗಿದ ಕೃತಕ ಬುದ್ಧಿಮತ್ತೆ ಮತ್ತೊಂದರ ಫಲಕಗಳ ಮುಂದೆ ತಡವರಿಸುವುದು ಎಲ್ಲರೂ ಬಲ್ಲ ಸಂಗತಿ. ಸೂಜಿ ಚುಚ್ಚದೆ ಜೀವಂತ ಮೂಳೆಯ ಜಾಲವನ್ನು ತೋರಿಸುವ ಅತಿಸೂಕ್ಷ್ಮ ಸಿ.ಟಿ. ಉಪಕರಣಗಳು ಬಂದಿವೆ; ಆದರೆ ಅವು ಬಿಡಿಸಿ ತೋರಿಸಬಲ್ಲ ಕನಿಷ್ಠ ಅಳತೆ ಹತ್ತಾರು ಮೈಕ್ರೊಮೀಟರ್ ಆಗಿರುವುದರಿಂದಲೂ, ಸುಣ್ಣವಿಲ್ಲದ ಪದರ ಎಕ್ಸ್‌ಕಿರಣಕ್ಕೆ ತೋರದಿರುವುದರಿಂದಲೂ, ಆಸ್ಟಿಯಾಯ್ಡಿನ ಪಟ್ಟಿ ಅವುಗಳ ಕಣ್ಣಿಗೆ ಬೀಳುವುದಿಲ್ಲ.

ನೋವಿಲ್ಲದೆ ದೊರೆಯುವ ಅಂಗಾಂಶವೆಂದರೆ ಬಿದ್ದ ಅಥವಾ ಕಿತ್ತ ಹಲ್ಲು. ಎನಾಮಲ್ ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ, ಮಗು ಹೆಚ್ಚು ಫ್ಲೋರೈಡ್ ಸೇವಿಸಿದರೆ ಹೊರಪದರದ ಕೆಳಗಿನ ಎನಾಮಲ್ ಸೂಕ್ಷ್ಮರಂಧ್ರಗಳಿಂದ ತುಂಬಿಕೊಂಡು ಮೊದಲು ಸುಣ್ಣದ ಬಿಳುಪಾಗಿ, ಹಲ್ಲು ಹೊರಬಂದ ಮೇಲೆ ಬಣ್ಣ ಹೀರಿ ಕಂದಾಗುತ್ತದೆ. ಡೆನ್ಮಾರ್ಕಿನ ಥೈಲ್‌ಸ್ಟ್ರುಪ್ ಮತ್ತು ಫೆಯೆರ್ಸ್ಕೋವ್ 1978ರಲ್ಲಿ ಹಲ್ಲುಗಳ ಹೊರನೋಟವನ್ನು ಅವುಗಳ ಛೇದಗಳಲ್ಲಿ ಕಂಡ ರಂಧ್ರಪದರದ ಆಳದೊಡನೆ ಹೊಂದಿಸಿ, 0ಯಿಂದ 9ರವರೆಗಿನ ಅಂಕಶ್ರೇಣಿಯೊಂದನ್ನು ರೂಪಿಸಿದರು. ಆ ಶ್ರೇಣಿಯನ್ನು ಬಳಸುವ ದಂತವೈದ್ಯರು ಅರಸೀಕೆರೆಯ ಶಾಲೆಯೊಂದರಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಹಲ್ಲನ್ನು ಒರೆಸಿ ಒಣಗಿಸಿ, ಹಗಲು ಬೆಳಕಿನಲ್ಲಿ ನೋಡಿ ಕೊಡುವ ಅಂಕವೂ ಎನಾಮಲ್ಲಿನೊಳಗಿನ ಆಳದ ಒಂದು ಅಂದಾಜೇ ಆಗಿರುತ್ತದೆ.